ಅಕ್ಕೋರನ್ನು ಕೇಳಿ: ಮಗನ ಬಾಯಲ್ಲಿ ಯಾರದೋ ಮಾತು

ಹೋದ ತಿಂಗಳು ಒಬ್ಬ ತಂದೆಯ ಪತ್ರಕ್ಕೆ ಇಲ್ಲಿ ನಾಲ್ಕೇ ಸಾಲು ಉತ್ತರ ಕೊಟ್ಟಿದ್ದೆ. ಮಗ ಧರ್ಮದ ಹೆಸರು ಹೇಳುವ ಯಾವುದೋ ಗುಂಪು ಸೇರಿ ಓದು ಬಿಟ್ಟಿದ್ದಾನೆ, ಮನೆಯವರನ್ನೇ ವೈರಿಗಳ ಹಾಗೆ ನೋಡುತ್ತಾನೆ ಅಂತ ಅವರು ಬರೆದಿದ್ದರು. "ಕೂರಿಸಿಕೊಂಡು ಮಾತಾಡಿ" ಅಂದಿದ್ದೆ ನಾನು. ಆಮೇಲೆ ಬಂದ ಪತ್ರಗಳನ್ನು ಓದಿ ನನಗೇ ಸಂಕೋಚ ಆಯಿತು. ಕೂರಿಸಿಕೊಂಡು ಮಾತಾಡುವುದು ಅಷ್ಟು ಸುಲಭ ಇದ್ದಿದ್ದರೆ ಅವರು ನನಗ್ಯಾಕೆ ಬರೆಯುತ್ತಿದ್ದರು ಅಲ್ವಾ? ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ ಬಿಟ್ಟಿದ್ದೇನೆ. ಬಡ್ತಿ, ಬಾಡಿಗೆ, ಅತ್ತೆ-ಸೊಸೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆಯಿರಿ. ಬರೆದವರ ಹೆಸರು ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿಷಯ ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕೋರೆ, ನನ್ನ ಮಗನಿಗೆ 19. ಡಿಪ್ಲೊಮಾ ಎರಡನೇ ವರ್ಷ. ಐದು ಹೊತ್ತು ನಮಾಜ್ ಮಾಡ್ತಾನೆ, ಅದಕ್ಕೆ ನನಗೆ ಖುಷಿನೇ. ಆದರೆ ಆರು ತಿಂಗಳಿಂದ ರಾತ್ರಿ ಎರಡರವರೆಗೆ ಮಾಳಿಗೆ ಮೇಲೆ ಫೋನ್ ಹಿಡ್ಕೊಂಡು ಕೂರ್ತಾನೆ. ನಮ್ಮ ಮಸೀದಿ ಇಮಾಮರಿಗೆ ಏನೂ ಗೊತ್ತಿಲ್ಲ ಅಂತಾನೆ. ಸಣ್ಣವನಿದ್ದಾಗಿಂದ ಜೊತೆಗಿದ್ದ ಪಕ್ಕದ ಮನೆ ಹುಡುಗನ ಜೊತೆ ಮಾತು ಬಿಟ್ಟಿದ್ದಾನೆ. ತಂಗಿ ಕಾಲೇಜಿಗೆ ಹೋಗೋದು ಬೇಡ ಅಂತಾನೆ. ಬಂದೇ ನವಾಜರ ಉರುಸಿಗೆ ಹೋಗೋಣ ಬಾ ಅಂದರೆ ಅದೇ ತಪ್ಪು ಅಂದ. ಅವರ ಅಬ್ಬಾ ಸಿಟ್ಟು ಬಂದು ಅವನ ಫೋನ್ ನೆಲಕ್ಕೆ ಬಡಿದು ಒಡೆದರು. ಮೂರೇ ದಿನದಲ್ಲಿ ಅವನ ಕೈಲಿ ಹೊಸ ಫೋನ್ ಇತ್ತು. ದೋಸ್ತ್ ಕೊಟ್ಟ ಅಂದ. ಆ ದೋಸ್ತ್ ಯಾರೋ ನಮಗೆ ಗೊತ್ತಿಲ್ಲ. ಹೆದರಬೇಕಾ, ಸುಮ್ನೆ ಇರಬೇಕಾ?
ಒಬ್ಬ ತಾಯಿ, ಕಲಬುರಗಿ

ಉತ್ತರ: ತಂಗೀ, ನಿನ್ನ ಪತ್ರದಲ್ಲಿ ಎಂಟು ವಿಷಯ ಇವೆ. ಅದರಲ್ಲಿ ಹೆದರಬೇಕಾದ್ದು ಮೂರೇ.

ನಮಾಜಿಗೆ ಹೆದರಬೇಡ. ದರ್ಗಾಕ್ಕೆ ಹೋಗಬೇಕೋ ಬೇಡವೋ ಅನ್ನೋದು ಕೂಡ ನಿಮ್ಮವರ ಒಳಗೇ ಎಷ್ಟೋ ಕಾಲದಿಂದ ನಡೆದ ಜಗಳ, ಉರುಸಿಗೆ ಬರಲ್ಲ ಅಂದ ಮಾತ್ರಕ್ಕೆ ಹುಡುಗ ಕೆಟ್ಟ ಅಂತ ಅಲ್ಲ. ಹಾಗೆ ನೋಡಿದರೆ ಮನೆಯಲ್ಲಿ ದೇವರ ಮೇಲೆ ಭಕ್ತಿ ಜಾಸ್ತಿ ಆದ ಮಕ್ಕಳು ಸಾಮಾನ್ಯವಾಗಿ ಮೃದು ಆಗ್ತಾರೆ. ತಾಯಿ ಕಾಲು ಒತ್ತುತ್ತಾರೆ, ತಂಗಿಗೆ ಪುಸ್ತಕ ತರುತ್ತಾರೆ.

ಹೆದರಬೇಕಾದ್ದು ಆ ಹೊಸ ಫೋನಿಗೆ. ಪಕ್ಕದ ಮನೆ ಗೆಳೆಯನ ಜೊತೆ ಮಾತು ಬಿಟ್ಟಿದ್ದಕ್ಕೆ. ಮತ್ತೆ ಇಮಾಮರಿಗೆ ಏನೂ ಗೊತ್ತಿಲ್ಲ ಅಂದ ಮಾತಿಗೆ. ಈ ಮೂರನ್ನೂ ಜೋಡಿಸಿ ನೋಡು. ಯಾರೋ ಒಬ್ಬ ನಿನ್ನ ಮಗನನ್ನು ಒಂಟಿ ಮಾಡುತ್ತಿದ್ದಾನೆ. ಗೆಳೆಯ ಇದ್ದರೆ "ಏ, ಇದೇನು ಹುಚ್ಚು" ಅಂತಾನೆ, ಅದಕ್ಕೆ ಗೆಳೆಯನನ್ನು ಮೊದಲು ದೂರ ಮಾಡಿಸುತ್ತಾರೆ. ಇಮಾಮರು ಇದ್ದರೆ ಕಿತಾಬು ತೆಗೆದು "ಇದರ ಹಿಂದಿನ ಸಾಲು ಓದು, ಮುಂದಿನ ಸಾಲು ಓದು" ಅಂತಾರೆ, ಅದಕ್ಕೆ ಅವರ ಮೇಲಿನ ಮರ್ಯಾದೆ ತೆಗೆಸುತ್ತಾರೆ. ಕೊನೆಗೆ ಅಪ್ಪ-ಅಮ್ಮ. ಅಬ್ಬಾ ಫೋನ್ ಒಡೆದರಲ್ಲ, ಆವತ್ತು ಆ ದೋಸ್ತಿಗೆ ಹಬ್ಬ. ಒಡೆದವರು ಅಪ್ಪ, ಕೊಡಿಸಿದವನು ಅವನು! ಹುಡುಗನ ಮನಸ್ಸಿನಲ್ಲಿ ಯಾರು ದೊಡ್ಡವರಾದರು ನೀನೇ ಹೇಳು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದಾಗ ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಯಾವ ಧರ್ಮ ಅಂತ ಹೇಳಲ್ಲ, ಬೇಕಾಗಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದರೆ ಅವನ ಕಟಕ ರೊಟ್ಟಿ, ಪಕ್ಕದವನ ಶೇಂಗಾ ಹಿಂಡಿ, ಇಬ್ಬರದೂ ಒಂದೇ ಊಟ. ಪ್ರಶ್ನೆ ಕೇಳಿದರೆ "ನಂಗ ಗೊತ್ತಿಲ್ರಿ ಅಕ್ಕೋರೆ" ಅಂತ ನಗುತ್ತಿದ್ದ. ದಸರಾ ರಜೆ ಕಳೆದು ಬಂದ ಮೇಲೆ ಅವನು ಕೊನೇ ಬೆಂಚಿಗೆ ಹೋದ. ಒಬ್ಬನೇ ಊಟ. ಒಂದು ದಿನ ಪಾಠದ ಮಧ್ಯೆ ಎದ್ದು ನಿಂತು ಮಾತಾಡಿದ. ನಮ್ಮ ಮಾತಿನ "ರೀ" ಇಲ್ಲ, "ನಂಗ" ಇಲ್ಲ. ಎಲ್ಲ ಗ್ರಂಥದ ಕನ್ನಡ, ಮೈಕ್ ಮುಂದಿನ ಭಾಷಣ. ಯಾರೋ ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಹಾಗೆ. ನನಗೆ ಕಿವಿಗೆ ಬಡಿಯಿತು. ಆದರೆ ಪೋರ್ಷನ್ ಮುಗಿಸಬೇಕಿತ್ತು, "ಕೂತ್ಕೋಪ್ಪಾ" ಅಂದೆ. ಜನವರಿಯಿಂದ ಅವನು ಕಾಲೇಜಿಗೇ ಬರಲಿಲ್ಲ. ಆಮೇಲೆ ಯಾವುದೋ ಕೇಸಿನಲ್ಲಿ ಸಿಕ್ಕು ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಅವನ ತಾಯಿ ಒಮ್ಮೆ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿ, "ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ ಅಕ್ಕೋರೆ?" ಅಂತ ಕೇಳಿದಾಗ ನನಗೆ ನಿಂತಲ್ಲೇ ಕಾಲು ನಡುಗಿತು. ಹೇಳಿದ್ದ. ನಾನು ಕೂರಿಸಿದ್ದೆ.

ಅದಕ್ಕೇ ನಿನಗೆ ಹೇಳೋದು, ಮಗ ಏನು ನಂಬುತ್ತಾನೆ ಅನ್ನುವುದಕ್ಕಿಂತ ಯಾರ ಮಾತಿನಲ್ಲಿ ಮಾತಾಡುತ್ತಿದ್ದಾನೆ ಅಂತ ಕೇಳಿಸಿಕೋ. ಮನೆಯ ಮಾತು ಹೋಗಿ ಬೇರೆ ಯಾರದೋ ಮಾತು ಬಂದಿದೆಯಾ?

ಈಗ ಮಾಡಬೇಕಾದ್ದು. ಧರ್ಮದ ಮೇಲೆ ವಾದ ಹಾಕಬೇಡ, ಸೋಲುತ್ತೀಯ. ಅವನಿಗೆ ಎಲ್ಲದಕ್ಕೂ ಉತ್ತರ ಕಲಿಸಿ ಕಳಿಸಿರುತ್ತಾರೆ. ರಾತ್ರಿ ಮಾಳಿಗೆಗೆ ಚಹಾ ತಗೊಂಡು ಹೋಗು, ಹತ್ತು ನಿಮಿಷ ಕೂತು ಬಾ. ಫೋನ್ ಕೇಳಬೇಡ, ಫೋನಿನಲ್ಲಿ ಏನಿದೆ ಅಂತಾನೂ ಕೇಳಬೇಡ. ಕಾಲೇಜಿನ ವರ್ಕ್‌ಶಾಪ್, ಬಸ್ಸು, ಮೊಣಕಾಲು ನೋವು, ಏನಾದರೂ ಮಾತಾಡು. ಅವರ ಅಬ್ಬಾ ಒಡೆದ ಫೋನಿಗೆ ತಪ್ಪಾಯಿತು ಅನ್ನಲಿ. ಅಪ್ಪ ಮಗನ ಹತ್ತಿರ ತಪ್ಪಾಯಿತು ಅನ್ನೋದಾ ಅಂತ ಅವರು ಗುರ್ ಅನ್ನಬಹುದು, ಅನ್ನಲಿ, ಆದರೂ ಹೇಳಿಸು. ಪಕ್ಕದ ಮನೆ ಹುಡುಗನಿಗೂ ಹೇಳು, "ಅವನು ಮಾತು ಬಿಟ್ಟರೂ ನೀನು ಬಿಡಬೇಡ" ಅಂತ. ಮಗ ಮರ್ಯಾದೆ ಕೊಡುವ ಮಾಮೂನೋ ಚಾಚಾನೋ ಇದ್ದರೆ ಕರೆಸು. ಇಮಾಮರ ಮೇಲೆ ನಂಬಿಕೆ ಇಲ್ಲದಿದ್ದರೆ ಓದಿಕೊಂಡ ಬೇರೆ ಆಲಿಮರ ಹತ್ತಿರ ಹೋಗಬಹುದು. 2015ರಲ್ಲಿ ದೇಶದ ಸಾವಿರಕ್ಕೂ ಹೆಚ್ಚು ಉಲೆಮಾಗಳು, ಇಮಾಮರು ಐಸಿಸ್ ಮಾಡುತ್ತಿರುವುದು ಇಸ್ಲಾಮಿಗೆ ವಿರುದ್ಧ ಅಂತ ಫತ್ವಾಕ್ಕೆ ಸಹಿ ಹಾಕಿದ್ದರು. ಉತ್ತರ ಪ್ರದೇಶದ ದೇವಬಂದ್ ಮದರಸಾದವರು 2008ರಲ್ಲೇ ಭಯೋತ್ಪಾದನೆ ವಿರುದ್ಧ ಫತ್ವಾ ಕೊಟ್ಟಿದ್ದರು. ಇದನ್ನು ನೀನು ಹೇಳಿದರೆ ಕೇಳಲ್ಲ. ಅವನ ಧರ್ಮ ಅವನಿಗಿಂತ ಚೆನ್ನಾಗಿ ಓದಿದವರು ಹೇಳಿದರೆ ಕೇಳಬಹುದು.

ಇನ್ನೊಂದು ಕಥೆ ಇದೆ, ಸಮಯ ನೋಡಿ ಹೇಳು. 2014ರ ಮೇ ತಿಂಗಳಲ್ಲಿ ಕಲ್ಯಾಣದಿಂದ, ನಮ್ಮ ಬಸವಕಲ್ಯಾಣ ಅಲ್ಲ, ಮುಂಬೈ ಪಕ್ಕದ ಕಲ್ಯಾಣ, ನಾಲ್ವರು ಹುಡುಗರು ಯಾತ್ರೆಗೆ ಹೊರಟವರ ಜೊತೆ ಸೇರಿಕೊಂಡು ಇರಾಕ್‌ಗೆ ಹೋದರು, ಐಸಿಸ್ ಸೇರಲು. ನವೆಂಬರ್‌ನಲ್ಲಿ ಒಬ್ಬ ವಾಪಸ್ ಬಂದ. ಎಂಜಿನಿಯರಿಂಗ್ ಓದುತ್ತಿದ್ದವನು. ಅಲ್ಲಿ ತನಗೆ ಕಕ್ಕಸು ತೊಳೆಯುವ, ನೀರು ಹೊರುವ ಕೆಲಸ ಕೊಟ್ಟರು ಅಂತ ತನಿಖೆಯವರ ಮುಂದೆ ಹೇಳಿದ್ದಾಗಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ವಿಡಿಯೋದಲ್ಲಿ ಕುದುರೆ, ಬಾವುಟ, ಬಂದೂಕು. ಹೋದ ಮೇಲೆ ಕಕ್ಕಸು.

ಅವನು ಕದ್ದು ಪಾಸ್‌ಪೋರ್ಟ್ ಮಾಡಿಸಿದರೆ, ತನ್ನ ಸಾಮಾನು ಹಂಚಲು ಶುರು ಮಾಡಿದರೆ, ಸುಮ್ ಸುಮ್ನೆ "ಮಾಫ್ ಮಾಡು ಅಮ್ಮೀ" ಅಂತ ಬೀಳ್ಕೊಡುವ ಹಾಗೆ ಮಾತಾಡಿದರೆ, ಆಗ ತಡ ಮಾಡಬೇಡ. ವಕೀಲರನ್ನು ಜೊತೆಗಿಟ್ಟುಕೊಂಡು ಪೊಲೀಸ್ ದೊಡ್ಡ ಅಧಿಕಾರಿಯನ್ನೇ ಕಾಣು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಕೊಡುತ್ತಾರೆ, 15100ಕ್ಕೆ ಫೋನ್ ಮಾಡು. ಮಗನನ್ನು ಹಿಡಿದುಕೊಟ್ಟ ಹಾಗಾಗುತ್ತದಲ್ಲ ಅಂತ ಅನಿಸುತ್ತದೆ, ಗೊತ್ತು. ಮಾತಿನಲ್ಲಿರುವಾಗ ಹಿಡಿದರೆ ಮಗ ಮನೆಗೆ ಬರುತ್ತಾನೆ. ಯುಎಪಿಎ ಅನ್ನೋ ಭಯೋತ್ಪಾದನೆ ವಿರುದ್ಧದ ಕಾಯ್ದೆಯಲ್ಲಿ ಕೇಸು ಬಿದ್ದ ಮೇಲೆ ಜಾಮೀನು ಸಿಗೋದೇ ಕಷ್ಟ.

ತಂಗಿಯ ಕಾಲೇಜು ಮಾತ್ರ ಒಂದು ದಿನಾನೂ ತಪ್ಪಿಸಬೇಡ. ಅದರಲ್ಲಿ ಮಾತುಕತೆ ಇಲ್ಲ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನವನು, ಎಂಟು ವರ್ಷದಿಂದ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ಅಪ್ಪ ಇಲ್ಲ, ಅವ್ವ ಹೊಲಕ್ಕೆ ಹೋಗ್ತಾಳೆ. ತಮ್ಮನಿಗೆ ಹದಿನೇಳುವರೆ, ಪಿಯು ಫೇಲ್. ಊರಲ್ಲಿ ಒಬ್ಬ "ಅಣ್ಣ" ಇದ್ದಾನೆ. ತಮ್ಮನ ಬೈಕಿಗೆ ಪೆಟ್ರೋಲ್ ಹಾಕಿಸ್ತಾನೆ, ಶಾಲು ಹಾಕಿ ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸ್ತಾನೆ. ಹೋದ ಸಲ ಇನ್ನೊಂದು ಧರ್ಮದವರ ಓಣಿ ಮುಂದೆ ಗಲಾಟೆ ಆಗಿ ಕೇಸ್ ಬಿತ್ತು. ನಾನೇ ಬಡ್ಡಿಗೆ ಸಾಲ ತಂದು ಓಡಾಡಿದೆ. ಆವತ್ತು ಆ ಅಣ್ಣ ಫೋನೇ ಎತ್ತಲಿಲ್ಲ. ಆದರೂ ತಮ್ಮ ಅವನನ್ನ ಬಿಡ್ತಿಲ್ಲ. "ಧರ್ಮಕ್ಕಾಗಿ ಮಾಡೀನಿ, ನಿನಗ ತಿಳಿಯಂಗಿಲ್ಲ" ಅಂತಾನೆ. ಒದ್ದು ಬುದ್ಧಿ ಕಲಿಸಲಾ?
ಒಬ್ಬ ಅಣ್ಣ, ಬೆಂಗಳೂರಿನಿಂದ

ಉತ್ತರ: ಒದೆಯಬೇಡಪ್ಪಾ. ನೀನು ಒದ್ದು ಮತ್ತೆ ಬೆಂಗಳೂರು ಬಸ್ ಹತ್ತುತ್ತೀಯ, ಗಾಯಕ್ಕೆ ಅರಿಶಿನ ಹಚ್ಚೋದು ಆ "ಅಣ್ಣ"ನೇ.

ಒಂದು ಮಾತು ಹೇಳಿದರೆ ಬೇಜಾರು ಮಾಡ್ಕೋಬೇಡ. ನಮ್ಮ ಕಡೆ ಗುಳೆ ಹೋದ ಮನೆಗಳಲ್ಲಿ ದೊಡ್ಡವರ ಜಾಗ ಖಾಲಿ ಇರುತ್ತದೆ. ಪರೀಕ್ಷೆ ಫೇಲಾದ ದಿನ ನಿನ್ನ ತಮ್ಮ ಯಾರ ಹತ್ತಿರ ಹೋಗಬೇಕಿತ್ತು? ನೀನು ಹಲಗೆ ಬಡಿಯುತ್ತಿದ್ದೆ, ಅವ್ವ ಹೊಲದಲ್ಲಿದ್ದಳು. ಆ ಹೊತ್ತಿಗೆ ಒಬ್ಬ ಬಂದು ಹೆಗಲ ಮೇಲೆ ಕೈ ಹಾಕಿ "ನೀನು ಹುಲಿ ಕಣೋ" ಅಂದ. ಇಡೀ ಊರು ಫೇಲ್ ಅಂದಾಗ ಒಬ್ಬ ಹುಲಿ ಅಂದರೆ ಯಾರಾದರೂ ಅವನ ಹಿಂದೆ ಹೋಗ್ತಾರೆ, ನಾನೂ ಹೋಗುತ್ತಿದ್ದೆ. ಮೊದಲ ತಿಂಗಳು ಧರ್ಮದ ಮಾತೇ ಇರಲ್ಲ ನೋಡು. ಕ್ರಿಕೆಟ್ಟು, ಪೆಟ್ರೋಲು, ಮಿರ್ಚಿ ಭಜಿ. ಆಮೇಲೆ ಬ್ಯಾನರ್ ಕಟ್ಟೋದು, ರಾತ್ರಿ ಕಾಯೋದು. ಆಮೇಲೆ ಒಂದು ಸಣ್ಣ ತಪ್ಪು ಕೆಲಸ, ಅದರ ವಿಡಿಯೋ ಅವರ ಹತ್ತಿರ. ಅಲ್ಲಿಗೆ ಹುಡುಗ ಕಟ್ಟುಬಿದ್ದ.

ಮುಂದೆ ನಿಲ್ಲಿಸಿದ್ದು ಯಾಕೆ ಅಂತ ತಮ್ಮನಿಗೆ ಗೊತ್ತಿಲ್ಲ, ನೀನು ಹೇಳು. 18 ತುಂಬದವನ ಕೇಸು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಶಿಕ್ಷೆ ಕಡಿಮೆ. ಅದನ್ನು ನೋಡಿಕೊಂಡೇ ಚಿಕ್ಕ ಹುಡುಗರನ್ನು ಮುಂದೆ ಬಿಡೋ ದೊಡ್ಡವರು ಇದ್ದಾರೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂನಲ್ಲಿ ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ದಂಡ ಇದೆ. ಆ ಅಣ್ಣನಿಗೆ ಇದು ಗೊತ್ತಿದೆಯಾ ಅಂತ ಊರಿನ ಯಾರಾದರೂ ಹಿರಿಯರು ಕಟ್ಟೆ ಮೇಲೆ ಕೂತು ಸಹಜವಾಗಿ ಕೇಳಿದರೂ ಸಾಕು, ಪೆಟ್ರೋಲ್ ಕಡಿಮೆ ಆಗಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಆರು ತಿಂಗಳಿಗೆ ತಮ್ಮನಿಗೆ 18. ಆಮೇಲೆ ಎರಡು ಧರ್ಮದವರ ಮಧ್ಯೆ ದ್ವೇಷ ಹಚ್ಚಿದ ಅಂತ ಕೇಸು ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, 3 ವರ್ಷದವರೆಗೆ ಸಜೆ. ನಮ್ಮ ಭಾಗಕ್ಕೆ 371ಜೆ ಸಿಗಲು ಎಷ್ಟು ವರ್ಷ ಹೋರಾಡಿದೆವು, 2012ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಆಯಿತು, ನಮ್ಮ ಜಿಲ್ಲೆಗಳ ಹುದ್ದೆಯಲ್ಲಿ ದೊಡ್ಡ ಪಾಲು ನಮ್ಮ ಹುಡುಗರಿಗೇ ಇದೆ. ಆದರೆ ನೇಮಕಾತಿಗೆ ಮುಂಚೆ ಪೊಲೀಸ್ ವೆರಿಫಿಕೇಶನ್ ಬರುತ್ತದೆ. ಕೋಟಾ ಕೈಲಿದ್ದು ಕೇಸು ತಲೆ ಮೇಲಿದ್ದರೆ ಏನು ಬಂತು? ಆ ಅಣ್ಣನ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ತಮ್ಮನನ್ನೇ ಕೇಳು. ಉತ್ತರ ನೀನು ಹೇಳಬೇಡ.

ಅವನ ಭಕ್ತಿಯನ್ನು ಮಾತ್ರ ಬೈಯಬೇಡ. ಹನುಮಪ್ಪನ ಗುಡಿಗೆ ಹೋಗಲಿ, ಮಾಲೆ ಹಾಕಲಿ. ಧರ್ಮದ ಕೆಲಸವೇ ಬೇಕು ಅಂದರೆ ಶರಣಬಸವೇಶ್ವರ ಜಾತ್ರೆಗೆ ಬಂದು ದಾಸೋಹದಲ್ಲಿ ಮೂರು ದಿನ ನೀರು ಹಾಕಲಿ, ಬೆನ್ನು ಬಿದ್ದುಹೋಗುತ್ತದೆ. ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇದೆ, ಫೀ ನೀನು ಕಟ್ಟು. ಅಲ್ಲಿವರೆಗೆ ಹದಿನೈದು ದಿನ ಬೆಂಗಳೂರಿಗೆ ಕರೆಸಿಕೋ, ಶಿಕ್ಷೆ ಅಂತ ಅಲ್ಲ, ಅಣ್ಣನ ಮನೆ ಅಂತ. ತಗಡಿನ ಶೆಡ್ಡು ಆದರೇನು.

ಪ್ರಶ್ನೆ: ನೀವು ಯಾವಾಗಲೂ ಎರಡೂ ಕಡೆ ಸಮ ಮಾಡಿ ಬರೆಯುತ್ತೀರಿ. ತಪ್ಪು ಇರೋದು ಒಂದೇ ಕಡೆ ಅಂತ ಎಲ್ಲರಿಗೂ ಗೊತ್ತು. ಹೇಳಲು ನಿಮಗೆ ಧೈರ್ಯ ಇಲ್ಲ.
ಒಬ್ಬ ಓದುಗ, ಯಾದಗಿರಿ

ಉತ್ತರ: ಇದೇ ಪತ್ರ ಈ ತಿಂಗಳು ಎರಡು ಬಂದಿವೆ. ಎರಡರಲ್ಲೂ "ಒಂದೇ ಕಡೆ" ಅಂತಾನೆ ಇದೆ, ಕಡೆ ಮಾತ್ರ ಬೇರೆ ಬೇರೆ. ನಿಮ್ಮಿಬ್ಬರಿಗೂ ಒಬ್ಬರಿಗೊಬ್ಬರ ವಿಳಾಸ ಕೊಡೋಣ ಅಂದರೆ ಸಂಪಾದಕರು ಬೇಡ ಅಂದರು. ನಾನು ತಕ್ಕಡಿ ಹಿಡಿದು ಕೂತಿಲ್ಲ. ಬಂದ ಪತ್ರಕ್ಕೆ ಉತ್ತರ ಬರೆಯುತ್ತೇನೆ. ಎರಡೂ ಕಡೆಯ ತಾಯಂದಿರು ಬರೆಯುತ್ತಿದ್ದಾರೆ, ನಾನೇನು ಮಾಡಲಿ?

ಪ್ರಶ್ನೆ: ನಾನು ಬೀದರಿನಲ್ಲಿ ಡಿಗ್ರಿ ಕಾಲೇಜು ಉಪನ್ಯಾಸಕ. ಕ್ಲಾಸ್ ಗ್ರೂಪಿಗೆ ದಿನಾ ಒಂದು ಹೊಡೆದಾಟದ ವಿಡಿಯೋ ಬರುತ್ತದೆ. ನೋಡಿದರೆ ಹಳೇದು, ಕೆಲವು ಬೇರೆ ದೇಶದ್ದು. ಸುಳ್ಳು ಅಂತ ತೋರಿಸಿದರೆ "ಸರ್, ವಿಡಿಯೋ ಸುಳ್ಳಿರಬಹುದು, ವಿಷಯ ನಿಜ" ಅಂತಾರೆ. ಇದಕ್ಕೆ ಏನು ಹೇಳೋದು?

ಉತ್ತರ: ನಿಮ್ಮ ಊರಲ್ಲೇ ಉತ್ತರ ಇದೆ ಸರ್, ಹುಡುಗರನ್ನು ನಡೆಸಿಕೊಂಡು ಹೋಗಿ. ಮಹಮೂದ್ ಗವಾನನ ಮದರಸಾ ಮುಂದೆ ನಿಲ್ಲಿಸಿ. ಸೆಲ್ಫಿ ಮುಗಿಯಲಿ, ಆಮೇಲೆ ಶುರು ಮಾಡಿ.

ಪರ್ಷಿಯಾದ ಗಿಲಾನದಿಂದ ಬಂದವನು ಗವಾನ್, ಬಹಮನಿ ಸುಲ್ತಾನರ ವಜೀರ. 1472ರಲ್ಲಿ ಈ ಮದರಸಾ ಕಟ್ಟಿಸಿದ. ಆಸ್ಥಾನದಲ್ಲಿ ಅವನನ್ನು ಕಂಡರೆ ಆಗದವರು ಬಹಳ ಇದ್ದರು. ಅವನ ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರಂತೆ. ಅದರ ಮೇಲೆ ಒಂದು ಪತ್ರ ಬರೆದರು, ಗವಾನನೇ ಒಡಿಶಾದ ರಾಜನಿಗೆ "ದಂಡೆತ್ತಿ ಬಾ" ಅಂತ ಬರೆದ ಹಾಗೆ. ಸುಲ್ತಾನ ಮೂರನೇ ಮುಹಮ್ಮದ್ ಷಾ ಮುದ್ರೆ ನೋಡಿದ, ಅಷ್ಟೇ. ತಂದವರು ಯಾರು, ಎಲ್ಲಿ ಸಿಕ್ಕಿತು ಅಂತ ವಿಚಾರಿಸಲಿಲ್ಲ. ಮುದ್ರೆ ನನ್ನದು, ಬರಹ ನನ್ನದಲ್ಲ ಅಂತ ಗವಾನ್ ಹೇಳಿದ. ಕೇಳಲಿಲ್ಲ. 1481ರಲ್ಲಿ ತಲೆ ಕಡಿಸಿದ. ಆಮೇಲೆ ನಿಜ ತಿಳಿದು ಕೊರಗಿದ, ಮರುವರ್ಷ ತಾನೂ ಸತ್ತ. ಕೆಲವೇ ವರ್ಷಗಳಲ್ಲಿ ರಾಜ್ಯ ಹರಿಯಲು ಶುರುವಾಗಿ ಕೊನೆಗೆ ಐದು ತುಂಡಾಯಿತು.

ಮುದ್ರೆ ಅಸಲಿ, ಬರಹ ನಕಲಿ. ನಿಮ್ಮ ಗ್ರೂಪಿಗೆ ಬರುವುದೂ ಇದೇ ಅಲ್ವಾ? ವಿಡಿಯೋ ಎಲ್ಲೋ ನಡೆದದ್ದೇ, ಅದರ ಕೆಳಗಿನ ಎರಡು ಸಾಲು ಸುಳ್ಳು. "ವಿಷಯ ನಿಜ" ಅಂತ ಸುಲ್ತಾನನೂ ಮೊದಲೇ ಅಂದುಕೊಂಡಿದ್ದ, ಪತ್ರ ಬಂದದ್ದು ನೆಪ.

ಗ್ರೂಪಿನಲ್ಲೇ ಎಲ್ಲರ ಮುಂದೆ ತಿದ್ದಬೇಡಿ, ಹುಡುಗ ಮುಖ ಉಳಿಸಿಕೊಳ್ಳಲು ಇನ್ನೂ ನಾಲ್ಕು ಹಾಕುತ್ತಾನೆ. ಕ್ಲಾಸಿನಲ್ಲಿ ಒಂದು ಆಟ ಮಾಡಿ. ಒಂದು ವಿಡಿಯೋ ಕೊಟ್ಟು ಇದು ಹುಟ್ಟಿದ ಊರು ಹುಡುಕಿ ಅನ್ನಿ. ಒಂದು ಚಿತ್ರ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕೋದು, ಅಂಗಡಿ ಬೋರ್ಡಿನ ಭಾಷೆ, ಗಾಡಿಯ ನಂಬರ್ ಪ್ಲೇಟು, ಪೊಲೀಸರ ಡ್ರೆಸ್ಸು ನೋಡೋದು. ಮೊದಲು ಹುಡುಕಿದವರಿಗೆ ಒಂದು ಚಹಾ. ನಮ್ಮ ಹುಡುಗರು ಜಾಣರಿದ್ದಾರೆ, ಎರಡು ವಾರದಲ್ಲಿ ನಿಮ್ಮನ್ನೇ ಮೀರಿಸುತ್ತಾರೆ. ನಿಜವಾದ ವಿಡಿಯೋನೂ ಬರುತ್ತದೆ, ಅನ್ಯಾಯ ನಿಜಕ್ಕೂ ನಡೆಯುತ್ತದೆ, ಅದನ್ನು ಇಲ್ಲ ಅನ್ನಬೇಡಿ, ಇಲ್ಲ ಅಂದ ದಿನ ನಿಮ್ಮ ಮಾತಿಗೆ ಬೆಲೆ ಹೋಯಿತು. "ಇದನ್ನು ನನಗೆ ಕಳಿಸಿದವನಿಗೆ ನನ್ನಿಂದ ಏನು ಬೇಕು?" ಅಂತ ಕೇಳಿಕೊಳ್ಳೋದು ಕಲಿಸಿ, ಸಾಕು.

ಪ್ರಶ್ನೆ: ನಮ್ಮ ಊರಲ್ಲಿ ಸೌಹಾರ್ದ ಸಭೆ ಮಾಡಿದೆವು. ಸ್ವಾಮೀಜಿ, ಮೌಲ್ವಿ, ಫಾದರ್ ಮೂವರೂ ಬಂದರು. ಚೆನ್ನಾಗಿ ಮಾತಾಡಿದರು. ಆದರೆ ಯಾರಿಗೋಸ್ಕರ ಮಾಡಿದೆವೋ ಆ ಹುಡುಗರೇ ಬರಲಿಲ್ಲ. ಏನು ತಪ್ಪಾಯಿತು?
ನಿವೃತ್ತ ಮಾಸ್ತರು, ಸೇಡಂ

ಉತ್ತರ: ಮಾಸ್ತರೇ, ಇಪ್ಪತ್ತು ವರ್ಷದ ಹುಡುಗ ಎರಡು ತಾಸು ಭಾಷಣ ಕೇಳಲು ಬರ್ತಾನಾ? ಸ್ವಾಗತ, ಪ್ರಾಸ್ತಾವಿಕ, ಹೂಮಾಲೆ, ಶಾಲು, ವಂದನಾರ್ಪಣೆ. ನಾನೇ ಬರುತ್ತಿರಲಿಲ್ಲ, ಊಟ ಇದ್ದರೆ ಬರುತ್ತಿದ್ದೆನೋ ಏನೋ.

ನಮ್ಮ ಹಿರಿಯರು ಹೀಗೆ ಒಗ್ಗಟ್ಟಿದ್ದರು ಅಂತ ವೇದಿಕೆ ಮೇಲೆ ಹೇಳೋದರಿಂದ ಸಿಟ್ಟಿನಲ್ಲಿರುವ ಹುಡುಗ ಕರಗಲ್ಲ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿ ತೋಡೋದರಿಂದ ಹಿಡಿದು ಹೆಜ್ಜೆ ಹಾಕೋದರವರೆಗೆ ಎಲ್ಲರ ಮನೆ ಹುಡುಗರೂ ಇರುತ್ತಿದ್ದರಲ್ಲ, ಅಲ್ಲಿ ಯಾರಾದರೂ ಭಾಷಣ ಮಾಡಿದ್ದು ನಿಮಗೆ ನೆನಪಿದೆಯಾ? ಕೆಲಸ ಇತ್ತು, ಕುಣಿತ ಇತ್ತು, ಬಂದರು.

ದೂರದ ಒಂದು ಉದಾಹರಣೆ. ಡೆನ್ಮಾರ್ಕಿನಲ್ಲಿ ಆರ್ಹಸ್ ಅಂತ ಊರು. 2013ರ ಹೊತ್ತಿಗೆ ಅಲ್ಲಿಂದ ಸುಮಾರು 30 ಹುಡುಗರು ಸಿರಿಯಾ ಯುದ್ಧಕ್ಕೆ ಹೋಗಿದ್ದರು. ಆ ಊರಿನ ಪೊಲೀಸರು, ನಗರಸಭೆ, ಶಾಲೆಯವರು ಒಟ್ಟಿಗೆ ಕೂತು ಕೆಲಸ ಮಾಡುವ ಪದ್ಧತಿ 2007ರಿಂದಲೇ ಶುರು ಮಾಡಿದ್ದರು. ದಾರಿ ತಪ್ಪುತ್ತಿರುವ ಒಬ್ಬೊಬ್ಬ ಹುಡುಗನಿಗೂ ಒಬ್ಬ ಹಿರಿಯ ಜೊತೆಗಾರನನ್ನು ಕೊಟ್ಟರು. ಅವನ ಕೆಲಸ ಉಪದೇಶ ಅಲ್ಲ. ಓದು, ನೌಕರಿ, ಮನೆ ಬಾಡಿಗೆ, ಅಪ್ಪನ ಜೊತೆ ಜಗಳ, ಎಲ್ಲದರಲ್ಲೂ ಜೊತೆ ಇರೋದು. ಮಸೀದಿಯವರ ಜೊತೆ ಮುಖ ತಿರುಗಿಸದೆ ಮಾತಾಡಿದರು. ಅಪರಾಧ ಮಾಡಿದವರಿಗೆ ಕಾನೂನು ಇದ್ದೇ ಇತ್ತು, ಮಾಡದೆ ವಾಪಸ್ ಬಂದವರಿಗೆ ಓದಿಗೋ ಕೆಲಸಕ್ಕೋ ದಾರಿ ಮಾಡಿಕೊಟ್ಟರು. "ಭಯೋತ್ಪಾದಕರನ್ನು ಮುದ್ದು ಮಾಡ್ತೀರಾ?" ಅಂತ ಬೈಸಿಕೊಂಡರು ಕೂಡ. ಮರುವರ್ಷ ಅಲ್ಲಿಂದ ಹೊರಟವರು ಬೆರಳೆಣಿಕೆಯಷ್ಟು.

ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ವ್ಯವಸ್ಥೆ ಇಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಊರಲ್ಲಿ ನಿವೃತ್ತ ಮಾಸ್ತರುಗಳೇ ಹತ್ತು ಜನ ಇರಬಹುದು. ಒಬ್ಬೊಬ್ಬರು ಒಬ್ಬೊಬ್ಬ ಫೇಲಾದ ಹುಡುಗನನ್ನು ಹಿಡಿದುಕೊಳ್ಳಿ. ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರಲಿ ಅಂತ ಅರ್ಜಿ ಕೊಡಿ. ಮುಂದಿನ ಸಭೆಯ ಶಾಲು, ಹಾರದ ದುಡ್ಡಲ್ಲಿ ವಾಲಿಬಾಲ್ ನೆಟ್ ತನ್ನಿ, ಸ್ವಾಮೀಜಿಯವರೂ ಮೌಲ್ವಿಯವರೂ ಬಂದು ಒಂದು ಸರ್ವಿಸ್ ಹೊಡೆದು ಹೋಗಲಿ.

ಪ್ರಶ್ನೆ: ಹೆಸರು ಬೇಡ. ಹುಮನಾಬಾದ್ ಕಡೆಯವನು, 21 ವರ್ಷ. ಒಂದೂವರೆ ವರ್ಷದಿಂದ ಒಂದು ಗುಂಪಿನಲ್ಲಿ ಇದ್ದೀನಿ. ಮೊದಲು ರಕ್ತದಾನ, ಅನ್ನದಾನ ಅಂದರು. ಈಗ ಮಾತೆಲ್ಲ ಬೇರೆ ಆಗಿದೆ. ಫೋನಿನಲ್ಲಿ ಇನ್ನೊಂದು ಗುಪ್ತ ಗ್ರೂಪ್ ಇದೆ, ಮೆಸೇಜ್ ತಾನೇ ಅಳಿಸಿ ಹೋಗ್ತದೆ. ಹೊರಗೆ ಬರಬೇಕು ಅನಿಸಿದೆ. ಬಿಟ್ಟರೆ ದ್ರೋಹಿ ಅಂತಾರೆ. ನನ್ನ ಗೆಳೆಯರು ಎಲ್ಲ ಅಲ್ಲೇ ಇದ್ದಾರೆ, ಹೊರಗೆ ಯಾರೂ ಇಲ್ಲ. ಡಿಗ್ರಿ ಕೊನೇ ಸೆಮಿಸ್ಟರ್ ಎರಡು ಸಬ್ಜೆಕ್ಟ್ ಬಾಕಿ ಇದೆ.

ಉತ್ತರ: ತಮ್ಮಾ, ನಿನ್ನ ಪತ್ರ ಮೂರು ಸಲ ಓದಿದೆ. ಎಲ್ಲ ಬರೆದು ಕೊನೆಗೆ ಬಾಕಿ ಸಬ್ಜೆಕ್ಟ್ ಬಗ್ಗೆ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಧೈರ್ಯ ಬಂತು.

ಜರ್ಮನಿಯಲ್ಲಿ ದ್ವೇಷದ ಗುಂಪು ಬಿಡುವವರಿಗೆ ಸಹಾಯ ಮಾಡಲು 2000ದಲ್ಲಿ ಒಂದು ಸಂಸ್ಥೆ ಶುರುವಾಯಿತು, ಎಕ್ಸಿಟ್ ಅಂತ. ಶುರು ಮಾಡಿದ ಇಬ್ಬರಲ್ಲಿ ಒಬ್ಬ ಮಾಜಿ ಪೊಲೀಸ್, ಇನ್ನೊಬ್ಬ ಸ್ವತಃ ಹಿಟ್ಲರನನ್ನು ಮೆರೆಸುವ ನವ-ನಾಜಿ ಗುಂಪಿನಲ್ಲಿದ್ದು ಬಿಟ್ಟು ಬಂದವನು. 2011ರಲ್ಲಿ ಅವರು ಒಂದು ತಮಾಷೆ ಮಾಡಿದರು. ಆ ಗುಂಪುಗಳ ಹಾಡಿನ ಕಾರ್ಯಕ್ರಮಕ್ಕೆ ತಲೆಬುರುಡೆ ಚಿತ್ರದ ಟೀ ಶರ್ಟ್ ಪುಕ್ಕಟೆ ಹಂಚಿಸಿದರು. ಹುಡುಗರು ಖುಷಿಯಿಂದ ಹಾಕಿಕೊಂಡು ಹೋದರು. ಮನೆಗೆ ಹೋಗಿ ಒಗೆದ ಮೇಲೆ ಬುರುಡೆ ಹೋಗಿ ಕೆಳಗಿದ್ದ ಅಕ್ಷರ ಕಾಣಿಸಿತು: ಟೀ ಶರ್ಟ್ ಮಾಡಿದ್ದನ್ನು ನೀನೂ ಮಾಡಬಹುದು, ಬಿಟ್ಟು ಬರಲು ನಾವು ಸಹಾಯ ಮಾಡ್ತೇವೆ ಅಂತ. ಬಿಟ್ಟು ಬಂದವರು ಬಹಳ ಜನ ಇದ್ದಾರೆ ಅಂತ ಗೊತ್ತಿರಲಿ ಅಂತ ಇದನ್ನು ಹೇಳಿದೆ.

ನಮ್ಮ ಊರುಗಳಲ್ಲಿ ಅಂಥ ಸಂಸ್ಥೆ ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೆ ನೀನೇ ಹುಷಾರಾಗಿ ಹೆಜ್ಜೆ ಇಡಬೇಕು. ಬಿಡ್ತೀನಿ ಅಂತ ಯಾರಿಗೂ ಸಾರಬೇಡ, ಜಗಳ ಆಡಬೇಡ, ದೊಡ್ಡ ಸ್ಟೇಟಸ್ ಹಾಕಬೇಡ. ಪರೀಕ್ಷೆ ಇದೆ ಅನ್ನು, ಅದು ಸುಳ್ಳೂ ಅಲ್ಲ. ಎರಡು ಕೂಟ ತಪ್ಪಿಸು, ಮೂರನೆಯದಕ್ಕೆ ಸೋದರಮಾವನ ಊರಿಗೆ ಹೋಗು. ಹೊಸ ಕೆಲಸ ಕೊಟ್ಟರೆ ಒಪ್ಪಬೇಡ, ಎಷ್ಟೇ ಸಣ್ಣದಾದರೂ. ಒಂದು ಪೊಟ್ಟಣ ಒಂದು ರಾತ್ರಿ ಇಟ್ಟುಕೋ ಅಂದರೂ ಬೇಡ. ಹಣ ತಗೋಬೇಡ, ನಿನ್ನ ಹೆಸರಿನ ಸಿಮ್ ಕೊಡಬೇಡ, ನಿನ್ನ ಖಾತೆಗೆ ಯಾರ ದುಡ್ಡೂ ಹಾಕಿಸಿಕೊಳ್ಳಬೇಡ. ಹಳೇದು ಅಳಿಸಿ ಹಾಕೋ ಅವಸರವೂ ಬೇಡ. ಏನಿದೆ ಅಂತ ಮೊದಲು ಒಬ್ಬ ವಕೀಲರಿಗೆ ತೋರಿಸು, ನೀನು ಏನೇನು ಮಾಡಿದ್ದೀಯ ಅಂತ ಒಂದೂ ಮುಚ್ಚಿಡದೆ ಹೇಳು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡ. ಯಾರಿಗಾದರೂ ಹೊಡೆಯುವ, ಕೊಲ್ಲುವ, ಎಲ್ಲಾದರೂ ಬೆಂಕಿ ಇಡುವ ಮಾತು ನಿನ್ನ ಕಿವಿಗೆ ಬಿದ್ದಿದ್ದರೆ ಆವತ್ತೇ ಹೇಳು. ಆಗ ಪರೀಕ್ಷೆ, ಸೋದರಮಾವ ಯಾವುದೂ ಇಲ್ಲ. ವಕೀಲರು ಸಿಕ್ಕರೆ ಅವರ ಜೊತೆ ಎಸ್ಪಿ ಕಚೇರಿಗೆ, ಸಿಗದಿದ್ದರೆ 112ಕ್ಕೆ. ತಡ ಮಾಡಿದರೆ ಇನ್ನೊಬ್ಬರ ಪ್ರಾಣ ಹೋಗುತ್ತದೆ, ನೀನೂ ಅದರಲ್ಲಿ ಪಾಲುದಾರ.

ಬಿಟ್ಟ ಮೇಲೆ ಮೊದಲ ಎರಡು ಮೂರು ತಿಂಗಳು ಬಹಳ ಖಾಲಿ ಅನಿಸುತ್ತದೆ. ಸಂಜೆ ಆರು ಆದರೆ ಎಲ್ಲಿಗೆ ಹೋಗಲಿ ಅಂತ ಕಾಲು ತಾನೇ ಆ ಕಡೆ ತಿರುಗುತ್ತದೆ. ರಾತ್ರಿ ನಿದ್ದೆ ಬರದಿದ್ದರೆ, ತಲೆ ಕೆಟ್ಟ ಹಾಗಾದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಹೊರಗೆ ಯಾರೂ ಇಲ್ಲ ಅಂದೆ. ಒಂದೂವರೆ ವರ್ಷದ ಹಿಂದೆ ಇದ್ದರಲ್ಲ, ಅವರೆಲ್ಲ ಎಲ್ಲಿ ಹೋದರು? ಅದರಲ್ಲಿ ಒಬ್ಬನಿಗೆ ಫೋನ್ ಮಾಡು. "ನೋಟ್ಸ್ ಇದೆಯೇನೋ?" ಅಂತ ಕೇಳು, ಬೇರೆ ಏನೂ ಹೇಳಬೇಕಾಗಿಲ್ಲ. ಅವನು ಬೈದರೆ ಬೈಸಿಕೋ. ಬೈದು ಆಮೇಲೆ ಕೊಡ್ತಾನೆ.

ರಿಸಲ್ಟ್ ಬಂದ ದಿನ ಇದೇ ವಿಳಾಸಕ್ಕೆ ಒಂದು ಕಾರ್ಡು ಹಾಕು. ಹೆಸರು ಬೇಡ, ಊರು ಬೇಡ. ಎರಡೂ ಸಬ್ಜೆಕ್ಟ್ ಹೋಯಿತೋ, ಒಂದೋ, ಅಷ್ಟು ಬರೆ.